ತಿರುಪಿನ ತುದಿ

ಸೋಮವಾರ ಬೆಳಗ್ಗೆ ಹೆಂಗಸೊಬ್ಬಳು ಠಾಣೆಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ. ಬೈಕಿನಲ್ಲಿ ಕರೆತಂದ ಗಂಡ ಗೇಟಿನ ಹೊರಗೇ ಉಳಿದ.

“ನನ್ನ ತಮ್ಮನ ಬಲಗೈ ಬೆಂದೋಗಿದೆ ಸಾರ್. ಬೆಂಕಿ ಹತ್ರಾನೂ ಹೋಗಿಲ್ಲ ಅವ್ನು. ಬೆರಳು ತೆಗೀಬೇಕಂತೆ.”

ತಮ್ಮ ಅಣುಸ್ಥಾವರದ ಶೆಡ್ಡಿನಲ್ಲಿ ಕಟ್ಟರ್. ರಿಯಾಕ್ಟರಿನಿಂದ ತೆಗೆದ ಹಳೇ ಉಕ್ಕಿನ ಸರಳುಗಳನ್ನು ಹೂಳುವ ಮುನ್ನ ತುಂಡು ಮಾಡುವವನು. ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್ ನೇರ ಆಸ್ಪತ್ರೆಗೆ ಹೋದರು.

“ವಿಕಿರಣ ಅಳೆಯೋ ಮೀಟರ್ ಕೊಟ್ಟಿರ್ಲಿಲ್ವಾ?” ಎಂದು ಕಟ್ಟರನನ್ನು ಕೇಳಿದರು.

“ವಿಕಿರಣ ಕಮ್ಮಿ ಅಂತ ಅಂದಾಜು ಬಂದಿತ್ತು. ಕಮ್ಮಿ ಅಂದ್ರೆ ಮೀಟರೂ ಇಲ್ಲ, ಮರೆಯೂ ಇಲ್ಲ. ಕೈಯಲ್ಲೇ ಹಿಡಿಯೋದು.”

“ಅಂದಾಜು ಯಾರದು?”

ಕಟ್ಟರ್ ನಕ್ಕ. “ನಮ್ಮ ಭಾವಂದೇ. ಅಳತೆಗೆ ಚೂರು ಕೊಯ್ದು ಕೊಡೋನು ಅವ್ನೇ. ‘ಹಿಡಿಯೋ, ನಿಮ್ಮಕ್ಕನಿಗಿಂತ ತಣ್ಣಗಿದೆ’ ಅಂದ. ಅವ್ನೇ ಹೇಳಿದ್ಮೇಲೆ ಇನ್ನೇನು?”

“ಆಗ ಅವ್ನೆಲ್ಲಿ ನಿಂತಿದ್ದ?”

ನಗು ನಿಂತಿತು. “ಸೀಸದ ಗೋಡೆ ಹಿಂದೆ.”

ಮಧ್ಯಾಹ್ನ ಸ್ಥಾವರದ ಪ್ರಯೋಗಾಲಯದಲ್ಲಿ ಪಂಚನಾಮೆ ನಡೆಯಿತು. ಸರಳಿನಿಂದ ಒಂದು ಚೂರು ಕೊಯ್ದು, ಅದನ್ನು ಅಳೆದು, ಇಡೀ ಸರಳಿನ ವಿಕಿರಣ ಅಂದಾಜು ಮಾಡುತ್ತಾರೆ. ಚೂರು ನಡುಭಾಗದ್ದೇ ಆಗಬೇಕು. ವರ್ಷಗಟ್ಟಲೆ ರಿಯಾಕ್ಟರಿನ ಒಡಲಲ್ಲಿದ್ದದ್ದು ಅದೇ. ಪ್ರಯೋಗಾಲಯದ ಮುಖ್ಯಸ್ಥ ಡಬ್ಬಿಯಿಂದ ಆ ಸರಳಿನ ಚೂರನ್ನು ಇಕ್ಕಳದಲ್ಲಿ ಎತ್ತಿದ.

“ಇದ್ರ ಮೇಲೆ ತಿರುಪಿನ ಗೆರೆ ಇದೆಯಲ್ಲ,” ಎಂದರು ಇನ್‌ಸ್ಪೆಕ್ಟರ್. “ನಡುಭಾಗದಲ್ಲೂ ಇರುತ್ತಾ?”

ಮುಖ್ಯಸ್ಥನ ಮುಖ ಸುಣ್ಣವಾಯಿತು. ತಿರುಪು ಇರುವುದು ಸರಳಿನ ತುದಿಯ ಬಾಲದಲ್ಲಿ ಮಾತ್ರ. ಬಾಲ ರಿಯಾಕ್ಟರಿನ ಆಚೆಗೇ ಚಾಚಿಕೊಂಡಿರುತ್ತದೆ; ಅದಕ್ಕೆ ವಿಕಿರಣ ಹೆಚ್ಚೇನೂ ತಗಲುವುದಿಲ್ಲ.

ಶೆಡ್ಡಿನಲ್ಲಿ ಉಳಿದ ಸರಳುಗಳಿಗೆ ಕೈಹಾಕಲು ಇನ್ನಿಬ್ಬರು ಸಜ್ಜಾಗುತ್ತಿದ್ದರು. ಕಾನ್‌ಸ್ಟೇಬಲ್ ಓಡಿಹೋಗಿ ಅವರನ್ನು ಹೊರಗೆ ಕಳಿಸಿ ಬೀಗ ಜಡಿದ.

ಸಂಜೆ ಮನೆಯ ಬಾಗಿಲು ತೆಗೆದವಳು ಅದೇ ಹೆಂಗಸು.

“ಯಾರು ಅಂತ ಗೊತ್ತಾಯ್ತಾ ಸಾರ್?”

ಇನ್‌ಸ್ಪೆಕ್ಟರ್ ಅವಳ ಹಿಂದೆ ನಿಂತಿದ್ದ ಗಂಡನನ್ನು ಕೇಳಿದರು. “ನಡುಭಾಗ ಯಾಕೆ ಕೊಯ್ಲಿಲ್ಲ?”

“ಅದಕ್ಕೆ ಹತ್ರ ಹೋಗಿ ನಿಲ್ಬೇಕು ಸಾರ್. ಎಲ್ಲಾ ಸಲಾನೂ ನಾನೇ ನಿಂತಿದೀನಿ. ಈ ಸಲ ಭಯ ಆಯ್ತು.”

“ತುದಿ ಸಾಲಲ್ಲ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

“ಥೂ! ಠಾಣೆ ತನಕ ನೀನೇ ಬಿಟ್ಯಲ್ಲೋ,” ಎಂದಳು ಅವಳು. “ದಾರಿಯುದ್ದಕ್ಕೂ ಸಮಾಧಾನ ಹೇಳ್ತಾ!”

ಕಾರಣ ಎಂಬಲ್ಲಿ ಇನ್‌ಸ್ಪೆಕ್ಟರ್ ‘ಭಯ’ ಎಂದಷ್ಟೇ ಬರೆದುಕೊಂಡರು. ಭಯ ಯಾರಿಗಿಲ್ಲ? ಈತ ತನ್ನದನ್ನು ಬಾಮೈದನ ಕೈಗೆ ಹಿಡಿಸಿದ್ದ.

ಕಾನ್‌ಸ್ಟೇಬಲ್ ಬೇಡಿ ಹೊರತೆಗೆದ. ಗಂಡ ಎರಡೂ ಕೈ ಚಾಚಿದ. ಹತ್ತು ಬೆರಳೂ ನೆಟ್ಟಗಿದ್ದವು. ಅವಳು ಆ ಬೆರಳುಗಳನ್ನೇ ನೋಡುತ್ತ ನಿಂತಳು.