ಹಂಪಮ್ಮ ‘ತುಂಬ್ರಿ’ ಅನ್ನುವವರೆಗೆ

“ಚೆಲ್ಲಲೇ ಅದನ್ನ! ಎಮ್ಮಿ ಸೈತ ಮೂಸಂಗಿಲ್ಲ!”

ಹಂಪಮ್ಮ ಲೋಟವನ್ನು ಅಂಗಳಕ್ಕೆ ಎಸೆದಳು. ಮೂರು ದಿನ ಹುದುಗಿದ್ದ ಒಂದು ಪೀಪಾಯಿ ಶುಂಠಿ ಸೋಡಾ ಹೊಸಪೇಟೆಯ ಗಟಾರಕ್ಕೆ ಹರಿಯಿತು. ಆ ತಿಂಗಳಲ್ಲಿ ಅದು ಮೂರನೆಯದು. ಗಟಾರಕ್ಕೆ ಅಜೀರ್ಣವೇನಾದರೂ ಇದ್ದಿದ್ದರೆ ಅಂದೇ ಗುಣವಾಗಿರಬೇಕು!

“ಕೈಗುಣ ಇರಬೇಕವ್ವಾ, ಕೈಗುಣ! ಶುಕ್ರವಾರ ಸಂಡೂರಿಂದ ಕ್ಯಾಂಟೀನ್ ಕಾಂಟ್ರ್ಯಾಕ್ಟರ್ ಬರ್ತಾನ. ಅವತ್ತೂ ಕೆಡಿಸಿದ್ಯಂದ್ರ ಎಮ್ಮಿಗನೂರು ಬಸ್ ಹತ್ತು. ನಿಮ್ಮಪ್ಪನ ಮನ್ಯಾಗ ಮಜ್ಜಿಗಿ ಕಡಕೋಂತ ಇರು!”

ಸೊಸೆ ಶೈಲಜಾ ಕಣ್ಣೊರೆಸಿಕೊಂಡು ಮತ್ತೆ ಶುಂಠಿ ಜಜ್ಜಲು ಕುಳಿತಳು. ಗಂಡ ತಿಪ್ಪೇಶನಿಗೆ ಅವ್ವನ ಎದುರು ನಾಲಿಗೆ ಹೊರಳುತ್ತಿರಲಿಲ್ಲ.

ಎಂಥ ದಿನಗಳವು! ಹಂಪಮ್ಮನ ಗಂಡ ದೊಡ್ಡಬಸಪ್ಪ ಕಂಪ್ಲಿಯಿಂದ ಬಂದಾಗ ಕೈಲಿದ್ದದ್ದು ಒಂದು ಭರಣಿ ಹೆಪ್ಪು ಮಾತ್ರ. ಶುಂಠಿ, ಸಕ್ಕರೆ, ನಿಂಬೆರಸದ ನೀರಿಗೆ ಆ ಹೆಪ್ಪು ಹಾಕಿ ಮುಚ್ಚಿಟ್ಟರೆ ಮೂರನೆಯ ದಿನಕ್ಕೆ ಬುರುಬುರು ನೊರೆ. ಸೈಕಲ್ಲಿಗೆ ಒಂದು ಡಜನ್ ಬಾಟಲಿ ಕಟ್ಟಿಕೊಂಡು, “ಶಿವಭಕ್ತರೂ ಕುಡಿಯೋ ಬೀರು ಬಂತ್ರೀ!” ಎಂದು ಕೂಗುತ್ತಿದ್ದನಂತೆ ಪುಣ್ಯಾತ್ಮ. ಆಮೇಲೆ ಬಂತು ಅದಿರಿನ ಕಾಲ. ರಸ್ತೆ ಕೆಂಪು, ಬೇವಿನ ಮರ ಕೆಂಪು, ಒಗೆದ ಬಿಳಿ ಪಂಚೆಯೂ ಕೆಂಪು! ಸಾಲುಗಟ್ಟಿದ ಲಾರಿಗಳ ಡ್ರೈವರುಗಳೆಲ್ಲ ಗಂಟಲ ಧೂಳಿಳಿಸಲು ಹಂಪಮ್ಮನ ಬಾಟಲಿಯನ್ನೇ ಕೇಳುವಂತಾಯಿತು. ಹಿತ್ತಿಲು ಶೆಡ್ಡಾಯಿತು, ಸೈಕಲ್ಲಿನ ಜಾಗಕ್ಕೆ ಟಾಟಾ ಏಸ್ ಬಂತು. ದೊಡ್ಡಬಸಪ್ಪ ಲಿಂಗೈಕ್ಯನಾದ. ಒಂದು ಪದ್ಧತಿ ಮಾತ್ರ ಬದಲಾಗಲಿಲ್ಲ. ಹಂಪಮ್ಮ ಸ್ನಾನ ಮಾಡಿ, ವಿಭೂತಿ ಹಚ್ಚಿ, ಪ್ರತಿ ಪೀಪಾಯಿಯಿಂದ ಒಂದು ಗುಟುಕು ಕುಡಿಯಬೇಕು. “ತುಂಬ್ರಿ” ಅನ್ನಬೇಕು. ಅಲ್ಲಿಯವರೆಗೆ ಯಾರೂ ಬಾಟಲಿ ಮುಟ್ಟುವಂತಿಲ್ಲ. ಒಂದು ದಿನ ಮೊದಲು ತುಂಬಿದರೆ ಸಪ್ಪೆ, ಒಂದು ದಿನ ತಡವಾದರೆ ಬಾಟಲಿ ಢಮಾರ್! ಅವಳ ನಾಲಿಗೆ ಎಂದೂ ತಪ್ಪಿರಲಿಲ್ಲ.

ಶುಕ್ರವಾರ ಬಂತು. ಕಾಂಟ್ರ್ಯಾಕ್ಟರ್ ವಿರುಪಾಕ್ಷಪ್ಪ ಕುರ್ಚಿ ತುಂಬ ಕುಳಿತಿದ್ದ. ಅವನು ಒಪ್ಪಿದರೆ ಗಣಿಗಳ ಕ್ಯಾಂಟೀನುಗಳಿಗೆಲ್ಲ ಇವರದೇ ಸೋಡಾ. ಮನೆಯೊಳಗಾದರೋ ಮೂಲೆಯಲ್ಲಿ ಶೈಲಜಾಳ ಸೀರೆಯ ಗಂಟು ಸಿದ್ಧವಾಗಿತ್ತು.

ಕಿರಿಮಗ ಮಾಲತೇಶನಿಗೆ ಇದನ್ನು ನೋಡಲಾಗಲಿಲ್ಲ. ಡಿಗ್ರಿ ಮುಗಿಸಿ, ಲಾರಿ ಹಾರ್ನಿನಿಂದ ಮಠದ ಸ್ವಾಮಿಗಳ ಕೆಮ್ಮಿನವರೆಗೆ ಎಲ್ಲದರ ಮಿಮಿಕ್ರಿ ಕಲಿತಿದ್ದ ಭೂಪ ಅವನು. ಅವ್ವನನ್ನು ಒಮ್ಮೆ ನಗಿಸಿದರೆ ಸಿಟ್ಟು ಇಳಿದೀತೆಂದು, ಅವಳ ಲೋಟದಲ್ಲಿ ಸೋಡಾದ ಬದಲು ನೀರಿಗೆ ಒಂದು ಹಿಡಿ ಉಪ್ಪು, ಚಿಟಿಕೆ ಅರಿಸಿನ ಕಲಸಿಟ್ಟ. ಅವ್ವ ಥೂ ಎಂದು ಉಗುಳುತ್ತಾಳೆ, ಪೊರಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಾಳೆ, ಎಲ್ಲರೂ ನಗುತ್ತಾರೆ... ಅಷ್ಟೇ ಅವನ ಲೆಕ್ಕ.

ಹಂಪಮ್ಮ ಗುಟುಕರಿಸಿದಳು. ಕಣ್ಣು ಮುಚ್ಚಿದಳು. ಮಾಲತೇಶ ಓಡಲು ಒಂದು ಕಾಲು ಎತ್ತಿದ್ದ.

“ಸಿಹಿ ಜಾಸ್ತಿ ಆಗೇತಿ,” ಎಂದಳು ಹಂಪಮ್ಮ. “ನೋಡ್ರಿ ವಿರುಪಾಕ್ಷಪ್ಪೋರ, ಇದು ನನ್ನ ಸೊಸಿ ಕೈಗುಣ!”

ಎತ್ತಿದ ಕಾಲು ಅಲ್ಲೇ ನಿಂತಿತು. “ಅವ್ವಾ... ಅದು ಉಪ್ಪುನೀರು!” ಮಾತು ಅವನಿಗರಿವಿಲ್ಲದೆ ಜಾರಿತ್ತು.

ವಿರುಪಾಕ್ಷಪ್ಪನ ಹುಬ್ಬು ಮೇಲೇರಿತು. ಹಂಪಮ್ಮನ ಮುಖ ಬಿಳಿಚಿತು. ಮರುಕ್ಷಣ ಶೈಲಜಾ ಧಾವಿಸಿ ಬಂದು ಅತ್ತೆಯ ಕೈಯಿಂದ ಲೋಟ ಕಸಿದು, ಗಟಗಟನೆ ಪೂರ್ತಿ ಕುಡಿದುಬಿಟ್ಟಳು!

“ಉಪ್ಪೂ ಇಲ್ಲ, ಏನೂ ಇಲ್ರಿ. ನನ್ನ ಮೈದುನ ಹುಡುಗಾಟ ಮಾಡ್ತಾನ...” ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. “ಅತ್ತಿ ಹೇಳಿದ್ದ ಖರೇ. ಸಕ್ರಿ ನನ್ನ ಕೈತಪ್ಪಿ ಬಿದ್ದೇತಿ. ನಾ... ನಾ ಎಮ್ಮಿಗನೂರಿಗೆ ಹೋಗ್ತೀನಿ.”

“ನಿಂದ್ರು!” ಹಂಪಮ್ಮ ಅಡ್ಡ ಬಂದಳು. “ಯಾವಾಗಿಂದ ಗೊತ್ತು ನಿನಗ?”

“ಯುಗಾದಿಯಿಂದ, ಅತ್ತಿ. ಬೇವಿಗೆ ಬೆಲ್ಲ ಹಾಕೋದು ಮರತಿದ್ದೆ. ನೀವು ‘ಸಿಹಿ ಚಲೋ ಆಗೇತಿ’ ಅಂದ್ರಿ...”

“ಗೊತ್ತಿದ್ದೂ ಮೂರು ಪೀಪಾಯಿ ಬೈಸ್ಕೊಂಡ್ಯಾ?”

“ಈ ಸೋಡಾ ನಿಮ್ಮ ನಾಲಿಗಿ ಮ್ಯಾಲೆ ನಿಂತೇತಿ ಅಂತ ಊರೆಲ್ಲ ನಂಬೇತಿ. ನಾಲಿಗಿ ಹೋತು ಅಂತ ನಾ ಹೆಂಗ ಹೇಳ್ಲಿ ಅತ್ತಿ?”

ಹಂಪಮ್ಮ ಕುಸಿದು ಕುಳಿತಳು. “ಅಂಜಿ ಚೆಲ್ಸಿದೆನೇ... ಕೆಟ್ಟದ್ದಕ್ಕ ‘ತುಂಬ್ರಿ’ ಅಂದುಬಿಟ್ರ ನಿಮ್ಮ ಮಾವನ ಹೆಸರು ಹೋಗ್ತತಿ ಅಂತ ಅಂಜಿ... ಬೈಗುಳೆಲ್ಲ ನಿನ್ನ ತಲಿ ಮ್ಯಾಲೆ ಹಾಕಿದೆ!” ಸೊಸೆಯ ಕೈ ಹಿಡಿದು ಗಳಗಳನೆ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ತಾನೇ ಪೀಪಾಯಿಯಿಂದ ಲೋಟ ತುಂಬಿ ತಂದಳು. “ವಿರುಪಾಕ್ಷಪ್ಪೋರ, ನನ್ನ ನಾಲಿಗಿ ಸತ್ತೇತ್ರಿ. ಇವತ್ತಿಂದ ಈಕಿ ನಾಲಿಗಿನೇ ಈ ಮನಿ ನಾಲಿಗಿ. ಕುಡಿಯವ್ವಾ, ಹೇಳು.”

ಶೈಲಜಾ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದಳು. ಇನ್ನೊಂದು. ಮುಖ ಕಂಗಾಲಾಯಿತು.

“ಅತ್ತಿ... ಬಾಯೆಲ್ಲ ಉಪ್ಪು! ನನಗೂ ಏನೂ ತಿಳೀವಲ್ದು!”

ವಿರುಪಾಕ್ಷಪ್ಪನೇ ಲೋಟ ತೆಗೆದುಕೊಂಡು ತಳ ಕಾಣುವವರೆಗೆ ಕುಡಿದು, ಮೀಸೆ ಒರೆಸಿಕೊಂಡ. “ಈ ಮನ್ಯಾಗ ನಾಲಿಗಿ ಇರೋನು ನಾ ಒಬ್ಬನ ಏನ್ರಿ? ಭಾಳ ಮಸ್ತ್ ಐತಿ, ಜಲ್ದಿ ಗಾಡಿ ಕಳಸ್ರಿ!”

ತಿಪ್ಪೇಶ ನಕ್ಕ, ಮಾಲತೇಶ ನಕ್ಕ, ಶೈಲಜಾ ಅಳುತ್ತಲೇ ನಕ್ಕಳು. ಅವರೆಲ್ಲರ ನಗುವನ್ನೂ ಮೀರಿಸಿ, ಸೊಸೆಯ ಹೆಗಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಬೀದಿಯ ಲಾರಿಗಳಿಗೂ ಕೇಳುವಂತೆ ನಕ್ಕವಳು ಹಂಪಮ್ಮ.