ಬ್ರೆಂಡಾಲಿನ ಭವನ ಕಳುವಾದದ್ದು

ಸಾರ್ಜೆಂಟ್ ಮರ್ಡೋ ಪೆಲ್ತಿಯೇ ಒಮ್ಮೆ ಹಿಮದ ಮೇಲಿನ ಟೈರಿನ ಗುರುತನ್ನು ನಾಲಿಗೆಯ ತುದಿಯಿಂದ ನೆಕ್ಕಿ ನೋಡಿ, ಲಾರಿಯ ಬಣ್ಣ, ಮಾಲೀಕನ ಹೆಸರು, ಅವನು ಬೆಳಿಗ್ಗೆ ಎಷ್ಟು ಮೊಟ್ಟೆ ತಿಂದಿದ್ದ ಎಂಬುದನ್ನೂ ಹೇಳಿದ್ದ. ಇದಕ್ಕೆ ಇಬ್ಬರು ಸಾಕ್ಷಿಗಳಿದ್ದರು. ಒಬ್ಬ ತೀರಿಕೊಂಡ, ಇನ್ನೊಬ್ಬ ಸ್ವತಃ ಸಾರ್ಜೆಂಟ್. ಕೆನಡಾದ ಸಸ್ಕಾಚೆವಾನಿನ ಬಯಲಿನಲ್ಲಿ ಅವನ ಠಾಣೆಯ ಸರಹದ್ದು ಎಷ್ಟು ದೊಡ್ಡದೆಂದರೆ, ಪೂರ್ವದ ಅಂಚಿನಲ್ಲಿ ಕದ್ದ ಹಸು ಪಶ್ಚಿಮದ ಅಂಚು ಮುಟ್ಟುವಷ್ಟರಲ್ಲಿ ಎರಡು ಕರು ಹಾಕಿರುತ್ತಿತ್ತು. ಅಂಥ ಸೀಮೆಯಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಇಲಿಯೂ ರಸ್ತೆ ದಾಟಿರಲಿಲ್ಲ.

ಹೀಗಿರುವಾಗ 1993ರ ಜನವರಿ 14, ಗುರುವಾರ ಬೆಳಿಗ್ಗೆ 9.10ಕ್ಕೆ ಬ್ರೆಂಡಾಲ್ ಗ್ರಾಮಸಭೆಯ ಕಾರ್ಯದರ್ಶಿ ಸೊಲ್ವೆಗ್ ಟ್ವೈಟ್ ಠಾಣೆಗೆ ಬಂದು, ಬೂಟಿನ ಹಿಮ ಕೂಡ ಕೊಡವದೆ ಮೇಜಿನ ಮುಂದೆ ನಿಂತಳು.

"ಸಮುದಾಯ ಭವನ ಕಳುವಾಗಿದೆ."

"ಭವನದಲ್ಲಿ ಏನು ಕಳುವಾಗಿದೆ?" ಎಂದ ಸಾರ್ಜೆಂಟ್.

"ಭವನದಲ್ಲಿ ಅಲ್ಲ ಸಾರ್ಜೆಂಟ್ರೇ, ಭವನಾನೇ. ಗೋಡೆ, ಸೂರು, ಕಿಟಕಿ, ಪಿಯಾನೋ ಸಮೇತ. ಹೋಗಿ ನೋಡಿ, ಬರೀ ಗುಂಡಿ ಇದೆ."

ಟೈಪ್ ಮಾಡುತ್ತಿದ್ದ ಕಾನ್‌ಸ್ಟೆಬಲ್ ಗೆರ್ಡಾ ಫ್ರೀಸನ್ ಕೈ ನಿಲ್ಲಿಸಿದಳು.

"ಕೊನೇ ಸಲ ನೋಡಿದ್ದು ಯಾವಾಗ?" ಎಂದ ಸಾರ್ಜೆಂಟ್.

"ಸೋಮವಾರ. ಮಂಗಳವಾರ ರಾತ್ರಿ ಬಿರುಗಾಳಿ ಶುರುವಾಯ್ತು. ಆಮೇಲೆ ಮೂಗು ಹೊರಗೆ ಹಾಕಿದವರು ಯಾರು?"

ಊರಲ್ಲಿ ಉಳಿದಿದ್ದವರು ಇಪ್ಪತ್ತಾರು ಜನ. ಗ್ರಾಮಸಭೆಯನ್ನೇ ಮುಚ್ಚಿ ಊರನ್ನು ಸುತ್ತಲಿನ ಗ್ರಾಮಾಂತರ ಮಂಡಳಿಗೆ ಸೇರಿಸುವುದು ನಿಶ್ಚಯವಾಗಿತ್ತು. ಭವನಕ್ಕೆ ವಿಮೆ ಕೊಡುವವರಿಲ್ಲ, ಒಲೆ ಉರಿಸುವವರಿಲ್ಲ. ಸುತ್ತಲ ಊರುಗಳ ಸ್ವಯಂಸೇವಕ ಅಗ್ನಿಶಾಮಕರ ಅಭ್ಯಾಸಕ್ಕಾಗಿ ಬರುವ ಶನಿವಾರ ಅದನ್ನು ಸುಡಬೇಕೆಂದು ಠರಾವು ಆಗಿತ್ತು.

"ಸುಡೋಕೆ ಇಟ್ಟಿದ್ದನ್ನ ಕದ್ದರೆ ನಷ್ಟ ಯಾರಿಗಮ್ಮಾ?"

"ಆರು ಊರಿನ ಪಡೆ ಬರ್ತಾ ಇದೆ. ಏನನ್ನ ಸುಡಿಸಲಿ? ನನ್ನ ಮನೇನಾ?"

ಎಫ್‌ಐಆರ್ ದಾಖಲಾಯಿತು. 11 ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಚಳಿ ಶೂನ್ಯಕ್ಕಿಂತ ಮೂವತ್ತೆಂಟು ಡಿಗ್ರಿ ಕೆಳಗೆ; ಸಾರ್ಜೆಂಟನನ್ನು ಕೇಳಿದರೆ ತೊಂಬತ್ತು ಎನ್ನುತ್ತಿದ್ದ. ಅಡಿಪಾಯದ ಗುಂಡಿಯ ಪಕ್ಕದಲ್ಲಿ ಹೊಗೆಗೂಡಿನ ಇಟ್ಟಿಗೆಗಳನ್ನು ಗಾರೆ ಕೆರೆದು, ಸಾಲಾಗಿ ಜೋಡಿಸಿಟ್ಟಿದ್ದರು. ವಿದ್ಯುತ್ ತಂತಿಯ ತುದಿಗೆ ರಬ್ಬರ್ ಪಟ್ಟಿ ಸುತ್ತಿದ್ದರು.

"ಕಳ್ಳನಿಗೆ ತುಂಬಾ ಪುರುಸೊತ್ತು ಇತ್ತು ಸಾರ್," ಎಂದಳು ಗೆರ್ಡಾ.

ಆ ಸೀಮೆಯಲ್ಲಿ ಕಟ್ಟಡವೊಂದು ರಸ್ತೆಯಲ್ಲಿ ಬರುವುದು ಹಸು ಬಂದಷ್ಟೇ ಸಹಜ. ಮುಚ್ಚಿದ ಶಾಲೆ, ಬರಿದಾದ ಚರ್ಚು, ಮಾರಿದ ಮನೆ, ಎಲ್ಲವನ್ನೂ ಚಳಿಗಾಲದಲ್ಲಿ ನೆಲ ಗಟ್ಟಿಯಾದಾಗ ಉಕ್ಕಿನ ತೊಲೆಗಳ ಮೇಲೇರಿಸಿ ಎಳೆದೊಯ್ಯುತ್ತಾರೆ. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ಕೈಬೀಸುತ್ತಾರೆ. ಯಾರದು, ಎಲ್ಲಿಗೆ ಎಂದು ಕೇಳುವುದು ಮರ್ಯಾದೆಯಲ್ಲ.

ವಿದ್ಯುತ್ ಕಂಬದ ಕೆಲಸದ ಕ್ಲೆಮ್ ರಡಿಕ್‌ನನ್ನು ವಿಚಾರಿಸಲಾಯಿತು.

"ಮಂಗಳವಾರ ಮಧ್ಯಾಹ್ನ ಬಂತು ಸಾರ್. ತಂತಿ ಎತ್ತಿ ಹಿಡಿದೆ, ದಾಟಿಸ್ಕೊಂಡು ಹೋದ್ರು."

"ಡ್ರೈವರ್ ಯಾರು?"

"ಅಷ್ಟು ದೊಡ್ಡ ಭವನ ಬರ್ತಾ ಇರುವಾಗ ಡ್ರೈವರ್ ಮುಖ ಯಾರು ನೋಡ್ತಾರೆ?"

"ಅಪ್ಪಣೆ ಚೀಟಿ ಕೇಳಲಿಲ್ವಾ?"

"ಭವನಾನ ಕದೀತಾರೆ ಅಂತ ನಮ್ಮಪ್ಪ ಹೇಳಿಕೊಟ್ಟಿರಲಿಲ್ಲ."

ಉತ್ತರದ ರಸ್ತೆಯ ಮೇಲೆ ಹೊಲವಿದ್ದ ಥೆಲ್ಮಾ ಓಸ್ಟ್‌ಬರ್ಗ್‌ಳ ಹೇಳಿಕೆಯನ್ನು 3.30ಕ್ಕೆ ಪಡೆಯಲಾಯಿತು. ಅವಳೂ ಡ್ರೈವರನ್ನು ನೋಡಿರಲಿಲ್ಲ.

"ಅನುಮಾನ ಬರಲಿಲ್ವೇನಮ್ಮಾ?"

"ಯಾಕೆ ಬರ್ಬೇಕು? ಪೊಲೀಸ್ ಕಾರೇ ಪಕ್ಕಕ್ಕೆ ಸರಿದು ನಿಂತಿತ್ತಲ್ಲ. ಒಳಗಿದ್ದೋರು ಟೋಪಿ ಎತ್ತಿ ಭವನಕ್ಕೆ ನಮಸ್ಕಾರನೂ ಮಾಡಿದ್ರು."

ಗೆರ್ಡಾ ಸಾರ್ಜೆಂಟನ ಕಡೆ ತಿರುಗಿದಳು. ಠಾಣೆಯ ಕಾರು ಇದ್ದದ್ದು ಒಂದೇ.

"ಆಗ ಹಿಮಗಾಳಿ ಇತ್ತು," ಎಂದ ಸಾರ್ಜೆಂಟ್.

"ಮಧ್ಯಾಹ್ನ ಗಾಳಿ ಇರಲಿಲ್ಲ ಸಾರ್."

"ನನ್ನ ಕಡೆ ಇತ್ತು. ಮುಂದೆ ಕೇಳು."

ಥೆಲ್ಮಾ ಕಾಫಿ ಬಗ್ಗಿಸುತ್ತ ಹೇಳಿದಳು: "ಒಂದು ಮಾತ್ರ ಹೊಸದು. ಅವತ್ತು ಬೆಳಿಗ್ಗೆ ಯಾರೋ ರಸ್ತೆಯ ಹಿಮ ಕೆರೆದು ಹೋಗಿದ್ರು, ಭವನ ಹಿಡಿಸೋವಷ್ಟು ಅಗಲಕ್ಕೆ. ಕೆರೆದ ಹಿಮದ ದಿಬ್ಬಾನ ನನ್ನ ಗೇಟಿಗೆ ಅಡ್ಡ ಬಿಟ್ಟಿರಲಿಲ್ಲ. ಆರು ವರ್ಷದಲ್ಲಿ ಮೊದಲನೇ ಸಲ ನಾನು ಸಲಿಕೆ ಮುಟ್ಟಲಿಲ್ಲ."

ಮಂಡಳಿಯ ಹಿಮ ಕೆರೆಯುವ ಯಂತ್ರದ ಈಗಿನ ಚಾಲಕ ಯಾರ ಗೇಟನ್ನೂ ಲೆಕ್ಕಿಸುವವನಲ್ಲ. ಅಲ್ಲದೆ ಆ ದಿನ ಅವನ ಯಂತ್ರ ಕೆಟ್ಟು ಕೊಟ್ಟಿಗೆಯಲ್ಲಿತ್ತು. ಶುಕ್ರವಾರ ಇಬ್ಬರೂ ಉತ್ತರದ ರಸ್ತೆ ಹಿಡಿದರು. ಬಿರುಗಾಳಿ ಸಡಿಲ ಹಿಮವನ್ನೆಲ್ಲ ಹೊತ್ತೊಯ್ದಿತ್ತು. ಯಂತ್ರದ ಹಲಗೆ ಒತ್ತಿದ ದಿಬ್ಬ ಮಾತ್ರ ಕಲ್ಲಿನಂತೆ ನಿಂತಿತ್ತು. ಪ್ರತಿ ಗೇಟಿನ ಮುಂದೆ ಅದು ತುಂಡಾಗಿತ್ತು. ಯಾರೂ ವಾಸವಿಲ್ಲದ ಮನೆಗಳ ಗೇಟಿನ ಮುಂದೂ ಅಷ್ಟೇ.

"ಗೇಟು ಬಂದಾಗೆಲ್ಲ ಹಲಗೆ ಎತ್ತುತ್ತಿದ್ದವನು ಒಬ್ಬನೇ ಸಾರ್," ಎಂದಳು ಗೆರ್ಡಾ. ಸಾರ್ಜೆಂಟ್ ಆಗಲೇ ಕಾರನ್ನು ಅವನ ಮನೆಯ ಕಡೆ ತಿರುಗಿಸಿದ್ದ.

ನೆಸ್ಟರ್ ಯಾರೆಮ್ಚುಕ್ ಮೂವತ್ತೊಂದು ವರ್ಷ ಮಂಡಳಿಯ ರಸ್ತೆ ಕೆಲಸ ಮಾಡಿ ನಿವೃತ್ತನಾದವನು. ಹಳೆಯ ಹಿಮಯಂತ್ರವನ್ನು ಹರಾಜಿನಲ್ಲಿ ಅವನೇ ಕೊಂಡಿದ್ದ. ರಜೆಯ ದಿನಗಳಲ್ಲಿ ಹದಿಮೂರು ಶಾಲೆಗಳನ್ನು ಎಳೆದು ಸಾಗಿಸಿದ್ದ. ಮಧ್ಯಾಹ್ನ 2ಕ್ಕೆ ಅವನ ಅಂಗಳ ಸೇರಿದಾಗ, ಸ್ಪ್ರೂಸ್ ಮರಗಳ ಸಾಲಿನ ಹಿಂದೆ ಭವನ ಮರದ ದಿಮ್ಮಿಗಳ ಮೇಲೆ ಮಟ್ಟಸವಾಗಿ ಕೂತಿತ್ತು. ನೆಸ್ಟರ್ ಮೆಟ್ಟಿಲ ಮೇಲೆ ನಿಂತಿದ್ದ. ಕಾರು ಕಂಡಾಗಲೂ ಮುಖದಲ್ಲಿ ಏನೂ ಕದಲಲಿಲ್ಲ.

"ನೀನೇನಾ ತಂದಿದ್ದು?"

"ನಾನೇ."

"ಯಾರಾದ್ರೂ ಜೊತೆಗಿದ್ರಾ?"

"ಇಲ್ಲ. ದಾರೀಲಿ ನೀವಿದ್ರಿ."

"ಯಾಕೆ ತಂದೆ?"

ಅವನು ಒಳಗೆ ಹೆಂಡತಿಯಿದ್ದ ಅಡಿಗೆಮನೆಯ ಕಡೆ ಕೈ ತೋರಿದ. "ಡೋಕಿಯಾಗೆ ಈಗ ಮನೆ ಗೊತ್ತಾಗಲ್ಲ ಸಾರ್ಜೆಂಟ್ರೇ. ನಾನೂ ಗೊತ್ತಾಗಲ್ಲ. ಕೂರಿಸಿದಲ್ಲೇ ಕೂತಿರ್ತಾಳೆ, ಉಣ್ಣಲ್ಲ. ಮಹಿಳಾ ಸಂಘದ ಸುಗ್ಗಿ ಊಟಕ್ಕೆ ನಲವತ್ತು ವರ್ಷ ಇಲ್ಲಿ ಅಡಿಗೆ ಮಾಡಿದ್ದಳಲ್ಲ. ಈ ಅಡಿಗೆಮನೆಗೆ ಬಂದ್ರೆ ಕೈಗೆ ಎಲ್ಲ ಗೊತ್ತು. ಕಪ್ ಎಲ್ಲಿ, ಹಿಟ್ಟೆಲ್ಲಿ, ನೋಡ್ದೇನೇ ತೆಗೀತಾಳೆ. ಬೇಯಿಸ್ತಾಳೆ. ಬೇಯಿಸಿದ್ದನ್ನ ಉಣ್ತಾಳೆ. ಎರಡು ವರ್ಷದಿಂದ ದಿನಾ ಕರ್ಕೊಂಡು ಬರ್ತಿದ್ದೆ."

"ಸಭೆಯವರನ್ನ ಕೇಳಬಹುದಿತ್ತಲ್ಲ. ಸುಡೋದನ್ನ ಕೊಟ್ಟೇಬಿಡ್ತಿದ್ರು."

"ಕೇಳಿದ್ರೆ ಯಾಕೆ ಅಂತ ಹೇಳ್ಬೇಕಿತ್ತು."

ಒಳಗಿಂದ ಹೆಂಗಸಿನ ದನಿ ಕೇಳಿತು: "ಎಷ್ಟು ಜನ ಬಂದಿದ್ದಾರೆ? ಹೊರಗೆ ಯಾಕೆ ನಿಲ್ಲಿಸಿದೀರಿ?"

ಬಂಧನದ ಸಮಯ ಸಂಜೆ 4.40 ಎಂದು ದಾಖಲಾಯಿತು. ಆರೋಪಿಯಿಂದ ಮುಚ್ಚಳಿಕೆ ಬರೆಸಿಕೊಂಡು ಅದೇ ರಾತ್ರಿ ಬಿಡಲಾಯಿತು. ಭವನವನ್ನು ಮುದ್ದೆಮಾಲು ಎಂದು ಇದ್ದ ಸ್ಥಳದಲ್ಲೇ ಜಪ್ತಿ ಮಾಡಲಾಯಿತು. ಮೊಕದ್ದಮೆ ಮುಗಿಯುವ ತನಕ ಅದನ್ನು ಕದಲಿಸುವಂತಿಲ್ಲ, ಸುಡುವ ಮಾತಂತೂ ದೂರ. ಶನಿವಾರ ಆರು ಊರಿನ ಪಡೆಯವರು ಬಂದು, ಸೊಲ್ವೆಗ್ ಕೊಟ್ಟ ಸೂಪು ಕುಡಿದು, ಖಾಲಿ ಗುಂಡಿಗೆ ನೀರು ಹೊಡೆದು ಹೋದರು.

ಸೋಮವಾರ ಜಿಲ್ಲಾ ಕಚೇರಿಯಿಂದ ಇನ್‌ಸ್ಪೆಕ್ಟರ್ ವಿನಿಫ್ರೆಡ್ ಲೋವೆನ್ ಫೋನ್ ಮಾಡಿದಳು.

"ಎರಡಕ್ಕೆ ಸ್ಥಳ ಸೇರಿದ್ರಿ. ಬಂಧಿಸಿದ್ದು ನಾಲ್ಕು ನಲವತ್ತಕ್ಕೆ. ನಡುವೆ ಏನು ನಡೀತು?"

"ವರದಿಯಲ್ಲಿದೆ ಮೇಡಂ. ಬಾಗಿಲು ಹೆಪ್ಪುಗಟ್ಟಿತ್ತು. ಒಂದೂವರೆ ಟನ್ ಮಂಜುಗಡ್ಡೆ ಒಬ್ಬನೇ ಕಡಿದೆ. ಕೊಡಲಿ ಎರಡು ಸಲ ಮುರೀತು."

"ಬಾಗಿಲು ತೆರೆದೇ ಇತ್ತು ಅಂತ ನಿಮ್ಮ ಕಾನ್‌ಸ್ಟೆಬಲ್ ಬರೆದಿದ್ದಾಳೆ."

ಸಾರ್ಜೆಂಟ್ ಗೆರ್ಡಾಳ ಕಡೆ ನೋಡಿದ. ಅವಳು ಟೈಪ್ ಮಾಡುತ್ತಲೇ ಇದ್ದಳು.

"ಮಂಜುಗಡ್ಡೆ ಎಷ್ಟಿತ್ತು ಮರ್ಡೋ?"

"ಇರಲಿಲ್ಲ ಮೇಡಂ."

"ಕೊಡಲಿ?"

"ಅದೂ ಇರಲಿಲ್ಲ. ಡೋಕಿಯಾ ಊರಿಗೆಲ್ಲ ಆಗೋವಷ್ಟು ಅನ್ನ ತುಂಬಿದ ಎಲೆಕೋಸಿನ ಸುರುಳಿ ಮಾಡಿದ್ರು. ಕೂರಿ ಅಂದ್ರು, ಕೂತ್ವಿ. ನನ್ನನ್ನ ಯಾರೋ ಅಂದ್ಕೊಂಡು ಇನ್ನೂ ಹಾಕ್ಕೋ ಅಂದ್ರು, ಹಾಕ್ಕೊಂಡೆ. ಆಮೇಲೆ ಕಪಾಟಿನಲ್ಲಿದ್ದ ಕಪ್ಪುಗಳನ್ನೆಲ್ಲ ಇಳಿಸಿ ತೊಳೆಯೋಕೆ ನಿಂತ್ರು. ಅಷ್ಟನ್ನೂ ತೊಳೆದು ಮುಗಿಸೋವರೆಗೂ ಗಂಡನ್ನ ಹೆಂಗೆ ಕರ್ಕೊಂಡು ಹೋಗೋದು? ನಾನೂ ಒಂದು ಬಟ್ಟೆ ತಗೊಂಡು ಒರೆಸ್ತಾ ನಿಂತೆ."

ಆ ತುದಿಯಲ್ಲಿ ವರದಿಯ ಹಾಳೆ ಮಗುಚಿದ ಸದ್ದು ಕೇಳಿತು.

"ನಾವು ಹೋದ ಕೂಡಲೇ ನೆಸ್ಟರ್ ಬೇಡಿ ಹಾಕಿ ಅಂತ ಎರಡೂ ಕೈ ಮುಂದೆ ಚಾಚಿದ್ದ ಮೇಡಂ," ಎಂದ ಸಾರ್ಜೆಂಟ್. "ತಡ ಮಾಡಿದ್ದು ನಾನೇ."