ಗ್ರಾಫಿನಲ್ಲಿ ಇನ್ನೊಬ್ಬರ ಉಸಿರು

ಎಂಥ ಹಟಮಾರಿ ಕೂಸನ್ನೂ ಹತ್ತು ನಿಮಿಷದಲ್ಲಿ ಮಲಗಿಸುತ್ತೇನೆ ಅನ್ನುವುದು ನನ್ನ ಜಂಬ. ಪುಟ್ಟ ಮಕ್ಕಳ ಶ್ವಾಸಕೋಶ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವುದು ನನ್ನ ಕೆಲಸ. ದೊಡ್ಡವರಿಗಾದರೆ ಜೋರಾಗಿ ಊದಿ ಅನ್ನಬಹುದು, ಆರು ತಿಂಗಳ ಕೂಸಿಗೆ ಯಾರು ಹೇಳುವುದು? ಅದು ನಿದ್ದೆ ಹೋಗಬೇಕು, ಮೂಗು ಬಾಯಿ ಮುಚ್ಚುವಂತೆ ಮೆತ್ತನೆಯ ಮಾಸ್ಕ್ ಇಡಬೇಕು, ಆಗ ಅದರ ಉಸಿರು ಪರದೆಯ ಮೇಲೆ ಅಲೆ ಅಲೆಯಾಗಿ ಮೂಡುತ್ತದೆ.

ಗುಬ್ಬಿ ಅನ್ನುವ ಕೂಸು ನನ್ನ ಜಂಬ ಇಳಿಸಿತು. ದಿನ ತುಂಬುವ ಮೊದಲೇ ಹುಟ್ಟಿದವಳು. ಹಾಲಿನ ವಾಸನೆಗೆ ಏಳುತ್ತಾಳೆಂದು ಅವಳ ಅಮ್ಮನನ್ನು ಹೊರಗೆ ಕೂರಿಸಿದ್ದೆ. ನನ್ನ ತೋಳಲ್ಲಿ ಅರ್ಧ ಗಂಟೆ ಕಿರುಚಿದಳು. ಆಗ ಒಳಗೆ ಬಂದವನು ಅವಳ ಸೋದರಮಾವ, ಬಸ್ ಡ್ರೈವರ್. ಹೆಗಲಿಗೆ ಹಾಕಿಕೊಂಡ ಎರಡೇ ನಿಮಿಷಕ್ಕೆ ಗುಬ್ಬಿ ತೆಪ್ಪಗಾದಳು.

"ನನ್ನ ಬಸ್ಸಲ್ಲೂ ಎಲ್ರೂ ಹೀಗೇ ಮೇಡಂ. ಸ್ಟಾಪ್ ಬಂದ್ರೂ ಏಳಲ್ಲ," ಎಂದು ಪಿಸುಗುಟ್ಟಿದ.

ನನಗೆ ಹೊಟ್ಟೆ ಉರಿಯಿತು. ನಗುವೂ ಬಂತು.

ಮಲಗಿಸಿದರೂ ಗುಬ್ಬಿ ಅವನ ಬೆರಳು ಬಿಡಲಿಲ್ಲ. ಹಾಗಾಗಿ ಅವನು ತೊಟ್ಟಿಲ ಆ ಕಡೆ ಬಗ್ಗಿ ನಿಂತ, ಮಾಸ್ಕ್ ಹಿಡಿದು ಈ ಕಡೆ ನಾನು. ಮಾತಾಡುವಂತಿಲ್ಲ. ಅವನು ಹುಬ್ಬು ಕುಣಿಸಿ 'ಆಯ್ತಾ?' ಅನ್ನುತ್ತಿದ್ದ, ನಾನು ಕಣ್ಣಲ್ಲೇ ಗದರುತ್ತಿದ್ದೆ. ಗದರಿದಷ್ಟೂ ಅವನ ಕೆನ್ನೆಯ ಗುಳಿ ಆಳವಾಗುತ್ತಿತ್ತು.

ಪರೀಕ್ಷೆ ಮಾತ್ರ ಕೆಟ್ಟಿತು. ಗುಬ್ಬಿಯ ಪುಟ್ಟ ಅಲೆಗಳ ನಡುವೆ ಆಗಾಗ ಯಾವುದೋ ದೊಡ್ಡ ಗೆರೆ ನುಗ್ಗುತ್ತಿತ್ತು. ಎರಡನೇ ಸಲ ಬಂದಾಗಲೂ ಅದೇ ಕಥೆ. ಮಾಸ್ಕ್ ಬದಲಿಸಿದೆ, ಯಂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಿದೆ. ಮೂರನೇ ಸಲವೂ ಆಗದಿದ್ದರೆ ನಿದ್ದೆ ಔಷಧಿ ಕೊಟ್ಟೇ ಮಾಡೋಣ ಎಂದರು ಡಾಕ್ಟರು. ಅದನ್ನು ಕೇಳಿ ಗುಬ್ಬಿಯ ಅಮ್ಮನ ಮುಖ ಬಿಳಿಚಿಕೊಂಡಿತು.

ಮೂರನೇ ಸಲ ಅವರು ಬಂದಾಗ ಹಟ ಹಿಡಿದು ಕೂತೆ. ನಾನು ಅವನನ್ನು ನೋಡುತ್ತಿರುವಷ್ಟು ಹೊತ್ತು ಎಲ್ಲ ಸರಿ. ಪರದೆಗೆ ತಿರುಗಿದೆನೋ ಇಲ್ಲವೋ, ದೊಡ್ಡ ಗೆರೆ ಹಾಜರ್. ಮಾಸ್ಕಿನ ಕೊಳವೆಯ ತೆರೆದ ತುದಿ ಸೀದಾ ಅವನ ಮುಖದತ್ತ ಇತ್ತು. ನನ್ನ ಬುದ್ಧಿಗಿಷ್ಟು ಅಂದುಕೊಂಡು ಎಡಗೈಯಲ್ಲಿ ಚೀಟಿ ಬರೆದೆ: ನಿಮ್ಮ ಉಸಿರು ಗ್ರಾಫಿಗೆ ಬೀಳ್ತಿದೆ. ಆ ಕಡೆ ತಿರುಗಿ.

ಓದಿದವನ ಕಿವಿ ಕೆಂಪಾಯಿತು. ಬೆರಳನ್ನು ಗುಬ್ಬಿಯ ಮುಷ್ಟಿಯಲ್ಲೇ ಬಿಟ್ಟು, ಶಿಕ್ಷೆಗೆ ಒಳಗಾದ ಶಾಲೆ ಹುಡುಗನಂತೆ ಗೋಡೆಗೆ ಮುಖ ಮಾಡಿ ನಿಂತ. ಪರದೆಯ ಮೇಲೆ ಗುಬ್ಬಿ ಒಬ್ಬಳದೇ ಉಸಿರು, ಒಂದೇ ಸಮ, ಎಷ್ಟು ಚೆಂದ.

ಆಗ ನನಗೆ ಭಯವಾಯಿತು. ಇದನ್ನು ಸೇವ್ ಮಾಡಿದರೆ ಇನ್ನೊಂದು ವರ್ಷ ಇವರು ಬರುವುದಿಲ್ಲ. ಸರಿ ಬಂದಿಲ್ಲ ಎಂದು ಒಂದು ಸುಳ್ಳು ಹೇಳಿದರೆ ಬರುತ್ತಾರೆ. ಹೊರಗೆ ಕೂತ ತಾಯಿ ನೆನಪಾದಳು. ಸೇವ್ ಒತ್ತಿದೆ. ಏನಿದ್ದರೂ ಬಾಯಿಬಿಟ್ಟು ಕೇಳೋಣ ಅಂದುಕೊಂಡೆ.

ರಿಪೋರ್ಟ್ ನೋಡಿ ಡಾಕ್ಟರು ಚೆನ್ನಾಗಿದೆ ಎಂದರು. ತಾಯಿ ಗುಬ್ಬಿಯನ್ನು ಎತ್ತಿಕೊಂಡು ಅತ್ತೇಬಿಟ್ಟಳು. ಅವನು ಬಾಗಿಲಲ್ಲೇ ಉಳಿದ.

"ಮತ್ತೆ ಬರೋದು ಬೇಡ್ವಾ ಮೇಡಂ?"

"ಇನ್ನೊಂದು ವರ್ಷ ಬೇಡ. ಒಂದು ಹೇಳಿ. ನಾನು ನೋಡ್ತಿದ್ದಾಗ ಬೀಳದ ಉಸಿರು, ಆಮೇಲೆ ಯಾಕೆ ಬೀಳ್ತಿತ್ತು?"

ಅವನು ಬಸ್ಸಿನ ಕೀ ತಿರುಗಿಸುತ್ತ ನಿಂತ. "ನೀವು ನೋಡಿದಾಗ ಉಸಿರು ಹಿಡ್ಕೊಂಡುಬಿಡ್ತಿದ್ದೆ. ನೀವು ಆ ಕಡೆ ತಿರುಗಿದ್ಮೇಲೆ ಎಲ್ಲ ಒಟ್ಟಿಗೆ ಬಿಡ್ತಿದ್ದೆ."

ಎರಡು ವಾರ ಯಂತ್ರವನ್ನು ಬೈದಿದ್ದೆ ನಾನು.

"ನಾಳೆ ಸಂಜೆ ನಿಮ್ಮ ಬಸ್ ಎಷ್ಟು ಗಂಟೆಗೆ?"

"ಐದೂವರೆ."

"ಕೊನೇ ಸ್ಟಾಪ್ ತನಕ ಬರ್ತೀನಿ," ಎಂದೆ. "ನಿದ್ದೆ ಮಾತ್ರ ಮಾಡಲ್ಲ."

ನಾನು ಅವನನ್ನೇ ನೋಡುತ್ತಿದ್ದೆ. ಈ ಸಲ ಅವನು ಉಸಿರು ಹಿಡಿಯಲಿಲ್ಲ.